ಮೊರಾಗ್ ನೀರು ಕುಡಿದ ದಿನ

ಕೌಸಲ್ಯಾ ಮಾಡಿದ ತಪ್ಪು ಸಿಂಗಾಪುರದ ಸೆಕೆಯಲ್ಲಿ ಬಾಳಿದವರು ಮಾಡುವಂಥದ್ದು. ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯಬಾರದೆಂದು ಬೀರುವಿನ ಪಕ್ಕ ತೇವ ಹೀರುವ ಯಂತ್ರ ಇಟ್ಟಿದ್ದಳು. ಉಬಿ ಎಂಬ ಕೈಗಾರಿಕಾ ಬಡಾವಣೆಯ ಬಾಡಿಗೆ ಶೆಡ್ಡಿನಲ್ಲಿ ದುರಸ್ತಿಗೆ ನಿಲ್ಲಿಸಿದ್ದ ಮರದ ಹಾಯಿದೋಣಿಗೂ ಅಂಥದ್ದೇ ಒಂದನ್ನು ಇಟ್ಟಳು. ಕೆಲಸ ಮುಗಿಯುವಷ್ಟರಲ್ಲಿ ಹಲಗೆಗಳು ಒಣಗಿ ಕುಗ್ಗಿ, ಸಂದುಗಳು ಬಾಯಿ ಬಿಟ್ಟಿದ್ದವು.

ದೋಣಿಯ ಹೆಸರು ಮೊರಾಗ್. ಮಹಾಯುದ್ಧ ಮುಗಿದ ಮೇಲೆ ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು. ಬ್ಯೂನಾ ವಿಸ್ಟಾದ ಪ್ರಯೋಗಾಲಯವೊಂದರಿಂದ ನಿವೃತ್ತಳಾದ ಕೌಸಲ್ಯಾ, ಗಂಡ ತೀರಿಕೊಂಡ ಮೇಲೆ ಈಜು ಕಲಿತಳು, ಆಮೇಲೆ ಹಾಯಿ ಹಿಡಿಯುವುದನ್ನು. ಮೈಸೂರಿನ ನೆಂಟರು ನಕ್ಕರು. ಗುಜರಿಗೆ ಹೊರಟಿದ್ದ ಮೊರಾಗ್‌ಳನ್ನು ಅವಳು ಮನೆಗೆ ಸೊಸೆ ತಂದಷ್ಟು ಸಡಗರದಿಂದ ತಂದಳು.

ಈಗ ಕ್ರೇನು ದೋಣಿಯನ್ನು ಎರಡು ಅಗಲ ಪಟ್ಟಿಗಳಲ್ಲಿ ಸಮುದ್ರಕ್ಕೆ ಇಳಿಸಿ, ಪಟ್ಟಿ ಬಿಚ್ಚದೆ ಹಿಡಿದು ನಿಂತಿತ್ತು. ಒಣಮರ ನೀರು ಕುಡಿದು, ಉಬ್ಬಿ, ಸಂದುಗಳನ್ನು ತಾನೇ ಮುಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಒಳನುಗ್ಗುವ ನೀರನ್ನು ಪಂಪಿನಿಂದ ಚೆಲ್ಲಬೇಕು. ಮರದ ದೋಣಿಗಳ ಹಳೆಯ ಕ್ರಮ ಇದು. ಆದರೆ ಇಷ್ಟು ಒಣಗಿದ ಮರಕ್ಕೆ ಎಷ್ಟು ಹೊತ್ತು ಬೇಕೋ ಯಾರಿಗೂ ತಿಳಿಯದು. ಸಂಜೆಗೆ ಕ್ರೇನು ಬೇರೆ ಕಡೆ ಹೋಗಬೇಕು. ಶೆಡ್ಡು ಬಿಟ್ಟಾಗಿತ್ತು. ಮೊರಾಗ್ ತೇಲದಿದ್ದರೆ ಗುಜರಿಗೆ ಒಡೆಯುವವರ ಪಾಲು.

ಕೌಸಲ್ಯಾ ದೋಣಿಯೊಳಗೆ ನಿಂತು ಸಂದುಗಳನ್ನು ನೋಡುತ್ತಿದ್ದಳು. ಮಗಳು ಮಹಿಮಾ ದೋಣಿಯ ಅಂಚಿನಲ್ಲಿ ಕೂತು ಪಂಪುಗಳತ್ತ ಬಗ್ಗಿ ನೋಡಿದಳು. "ಅಮ್ಮಾ, ಎರಡು ಪಂಪೂ ಫುಲ್ ಸ್ಪೀಡಲ್ಲಿದೆ. ನೀರು ಇಳೀತಾನೇ ಇಲ್ಲ."

"ಏರ್ತಿದೆಯಾ?"

"ಏರ್ತಾನೂ ಇಲ್ಲ."

"ಹಾಗಾದ್ರೆ ಸುಮ್ನಿರು."

"ಸುಮ್ನಿರಕ್ಕಾಗಲ್ಲ ಲಾ," ಎಂದು ಮಹಿಮಾ ಮಾತಿಗೆ ಸಿಂಗಾಪುರದ ಬಾಲ ಸೇರಿಸಿದಳು. "ಕ್ರೇನ್ ಅಂಕಲ್ ವಾಚ್ ನೋಡ್ತಿದಾರೆ. ಗಮ್ ತುಂಬಿ ಸೀಲ್ ಮಾಡಿಸ್ಬಿಡೋಣ."

"ಗಟ್ಟಿ ಗಮ್ ತುಂಬಿದ್ರೆ ಮರ ಉಬ್ಬೋಕೆ ಜಾಗ ಎಲ್ಲಿ? ಪಕ್ಕೆಲುಬು ಮುರಿಯುತ್ತೆ."

"ನಿನ್ನ ಸೊಂಟ ಹಿಡ್ಕೊಂಡಿದೆ. ನಿಂಗೆ ದೋಣಿ ಪಕ್ಕೆಲುಬಿನ ಚಿಂತೆ."

ಆಗಲೇ ಒಂದು ಪಂಪು ನಿಂತಿತು. ನೀರು ನೆಲಹಲಗೆ ದಾಟಿ ಕೌಸಲ್ಯಾಳ ಮೀನಖಂಡಕ್ಕೆ ಬಂತು. ಅವಳು ಕೂತು, ಭುಜದವರೆಗೆ ಕೈ ಇಳಿಸಿ, ಪಂಪಿನ ಬಾಯಿಂದ ಮರದ ಹೊಟ್ಟಿನ ಮುದ್ದೆ ಕಿತ್ತಳು. ಪಂಪು ಕೆಮ್ಮಿ ಮತ್ತೆ ನೀರೆಳೆಯಿತು. ಅವಳು ಕೈ ತೆಗೆಯಲಿಲ್ಲ. ನೆಲಹಲಗೆಯಡಿಯ ಕತ್ತಲಲ್ಲಿ ಸಂದಿನಿಂದ ಸಂದಿಗೆ ಬೆರಳಾಡಿಸಿದಳು. ಬೆಳಿಗ್ಗೆ ನೀರು ಚಿಮ್ಮುತ್ತಿದ್ದ ಸಂದುಗಳು ಈಗ ಜಿನುಗುತ್ತಿದ್ದವು. ತಳದ ಒಂದರಿಂದ ಮಾತ್ರ ನೀರು ಇನ್ನೂ ಹರಿಯುತ್ತಿತ್ತು.

"ಎತ್ತಲಾ ಆಂಟಿ, ಬಿಡಲಾ?" ಕ್ರೇನಿನವನು ಇಂಗ್ಲಿಷಿನಲ್ಲಿ ಕೇಳಿದ.

ಮಹಿಮಾ ತಾಯಿಯ ರಟ್ಟೆ ಹಿಡಿದಳು. "ಮುಳುಗಿದ್ರೆ?"

"ಎತ್ತಿದ್ರೂ ಗುಜರಿಗೆ ಹೋಗುತ್ತೆ," ಎಂದು ಕೌಸಲ್ಯಾ ಅವನತ್ತ ತಿರುಗಿ, ಬಿಡುವಂತೆ ಕೈ ಸನ್ನೆ ಮಾಡಿದಳು.

ಪಟ್ಟಿಗಳು ಸಡಿಲವಾದವು. ಮೊರಾಗ್ ನರಳಿ ಎರಡು ಬೆರಳು ತಗ್ಗಿದಳು. ಇನ್ನಷ್ಟು ತಗ್ಗಿದಳು. ನಿಂತಳು. ಬಹಳ ಹೊತ್ತಿನ ಮೇಲೆ ನೆಲಹಲಗೆಯ ಅಂಚು ನೀರಿನಿಂದ ಮೇಲೆ ಕಂಡಿತು.

ಕೌಸಲ್ಯಾ ಮೇಲೇಳಲಿಲ್ಲ. ಆ ಒಂದು ಸಂದು ಮುಚ್ಚುವವರೆಗೆ ಪಂಪಿನ ಬಾಯಿ ಕಾಯಬೇಕಿತ್ತು.

"ನಾಳೆ ನಿಂಗೆ ಆಫೀಸಿಲ್ವಾ?"

"ಲೀವ್ ಹಾಕಾಯ್ತು," ಎಂದು ಮಹಿಮಾ ಚಪ್ಪಲಿ ಬಿಟ್ಟು ದೋಣಿಯೊಳಗಿನ ನೀರಿಗಿಳಿದಳು. "ಸ್ವಲ್ಪ ಸರ್ಕೊ."