ಅಚ್ಚಕ್ಕನ ಸೈಕಲ್ ಸೀಟು

ಭೂಗೋಳದ ಮೇಷ್ಟ್ರು ಮೂರನೆಯ ಸಲ ಮುಂದಿನ ಹಲ್ಲು ಮುರಿದುಕೊಂಡು ಬಂದಾಗ ಅಚ್ಚಕ್ಕನಿಗೆ ರೇಗಿಹೋಯಿತು. ಮೊದಲ ಸಲ ಹೋದದ್ದು ಅವರ ಸ್ವಂತ ಹಲ್ಲು. ಅದರ ಬಗ್ಗೆ ಆಕೆಗೆ ತಕರಾರಿರಲಿಲ್ಲ. ಆಮೇಲಿನ ಎರಡು ಸಲವೂ ಹೋದದ್ದು ಆಕೆ ಮಾಡಿಕೊಟ್ಟ ಹಲ್ಲು.

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿ ಹಾಕಿದ ಉದ್ದನೆಯ ಮೇಜಿನ ಮುಂದೆ ಆಕೆಯ ಕೆಲಸ. ಡಾಕ್ಟರು ರೋಗಿಯ ಬಾಯಿಗೆ ಗುಲಾಬಿ ಬಣ್ಣದ ಹಿಟ್ಟು ಒತ್ತಿ ಅಚ್ಚು ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸಿ, ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವುದು ಅಚ್ಚಕ್ಕನ ಪಾಲು. ಮನೆಯಲ್ಲೂ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಮುರಿದ ಬೀರುವಿನ ಹಿಡಿ, ಅತ್ತೆಯ ಕನ್ನಡಕದ ಕಾಲು, ನಲ್ಲಿಯ ತಿರುಪು, ಏನಿದ್ದರೂ ಅಚ್ಚು ತೆಗೆದು ಹೊಸದು ಮಾಡಿಡುವಳು. ಹಾಗಾಗಿ ಆ ಹೆಸರು.

"ಮೇಷ್ಟ್ರೇ, ಇದನ್ನ ಎಲ್ಲಿಗೆ ತಗೊಂಡು ಹೋಗಿ ಮುರೀತೀರಿ?" ಎಂದು ಕೇಳಿದಳು.

"ಗುಡ್ಡದಲ್ಲಿ," ಎಂದರು ಮೇಷ್ಟ್ರು. ಮುಂದಿನ ಹಲ್ಲಿಲ್ಲದ್ದರಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

ತನ್ನ ಕೈಕೆಲಸವನ್ನು ನುಂಗುತ್ತಿರುವ ಗುಡ್ಡ ಎಂಥದ್ದೆಂದು ನೋಡಿಯೇಬಿಡೋಣ ಎಂದು ಮುಂದಿನ ಭಾನುವಾರ ಅಚ್ಚಕ್ಕ ಬಸ್ಸು ಹಿಡಿದು ಹೋದಳು. ಕಲ್ಲುಗಣಿಯ ಹಿಂದೆ ಕುರುಚಲು ಪೊದೆಗಳ ನಡುವೆ ಒಂದು ಕಾಲುದಾರಿ. ಅದರ ತುಂಬ ಬೇರು, ಬಂಡೆ, ಜಲ್ಲಿ. ಮೇಲಿಂದ ಜನ ದಪ್ಪ ಚಕ್ರದ ಸೈಕಲ್ಲುಗಳಲ್ಲಿ ಗಡಗಡ ಇಳಿಯುತ್ತಿದ್ದರು. ಅವರೆಲ್ಲ ತಾವಾಗಿಯೇ ಇಳಿಯುತ್ತಿದ್ದಾರೆ, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ ಎಂಬುದು ಖಚಿತವಾಗಲು ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು. ಬೈದು ಬರಲೆಂದು ಹೋದವಳಿಗೆ ಮೇಷ್ಟ್ರು ತಮ್ಮ ಸೈಕಲ್ ಕೊಟ್ಟು, ಕೆಳಗಿನ ಸಣ್ಣ ಇಳಿಜಾರಿನಲ್ಲಿ ಒಂದು ಸುತ್ತು ಬಿಟ್ಟು ನೋಡಿ ಎಂದರು. ಇಳಿಜಾರು ಮುಗಿದಲ್ಲಿ ಅಚ್ಚಕ್ಕ ನಿಂತಾಗ ಸೆರಗು ಚೈನಿಗೆ ಸಿಕ್ಕಿತ್ತು, ಒಂದು ಚಪ್ಪಲಿ ಮೇಲೆಯೇ ಉಳಿದಿತ್ತು, ಮುಖ ಮಾತ್ರ ಅರಳಿತ್ತು. ತಿಂಗಳೊಳಗೆ ಹಳೆಯದೊಂದು ಗುಡ್ಡದ ಸೈಕಲ್ ಮನೆಯ ಮೆಟ್ಟಿಲ ಕೆಳಗೆ ಬಂದು ನಿಂತಿತು.

ಗಂಡನಿಗೆ ಇದು ಅರ್ಥವಾಗಲಿಲ್ಲ. ಅವನು ಲಿಫ್ಟ್ ರಿಪೇರಿಯವನು. ಮನುಷ್ಯ ಮೈಮುರಿದು ಮೇಲೆ ಹತ್ತಬಾರದು ಎಂಬುದಕ್ಕೇ ಜೀವ ತೇಯುತ್ತಿರುವಾಗ ಸ್ವಂತ ಹೆಂಡತಿಯೇ ಹೀಗೆ ಮಾಡುವುದೇ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಬ್ರೇಕಿನ ತಂತಿ ಸಡಿಲವಾಗಿದ್ದುದು ಕಣ್ಣಿಗೆ ಬಿದ್ದು, ತಡೆಯಲಾರದೆ ತಾನೇ ಬಿಗಿದುಕೊಟ್ಟ.

ಯಾವ ಭಾಗ ಕೊಳ್ಳಬೇಕು, ಏನು ತೊಡಬೇಕು ಎಂದು ಮೇಷ್ಟ್ರು ಪುಟಗಟ್ಟಲೆ ಓದಿ ಬಂದು ಪಾಠ ಮಾಡುತ್ತಿದ್ದರು. ಆದರೆ ಹೇಳುವ ಬಾಯಿಯಲ್ಲೇ ಹಲ್ಲಿಲ್ಲದಿದ್ದರೆ ನಂಬುವುದು ಹೇಗೆ? ತನ್ನ ಮೈಗೆ ತಟ್ಟುವವರೆಗೆ ಯಾವುದನ್ನೂ ಒಪ್ಪುವುದಿಲ್ಲ ಎಂದು ಅಚ್ಚಕ್ಕ ಅಂದುಕೊಂಡಳು. ಅಂದುಕೊಂಡಂತೆ ತಟ್ಟುತ್ತಲೂ ಹೋಯಿತು. ಕೈಗವಸು ಶೋಕಿ ಎಂದುಕೊಂಡವಳು ಜಲ್ಲಿಯ ಮೇಲೆ ಅಂಗೈ ಊರಿ ಬಿದ್ದು, ವಾರವಿಡೀ ಮೇಣದ ಚಾಕು ಹಿಡಿಯಲಾಗದೆ ಹಲ್ಲಿಗೆ ಕಾದಿದ್ದ ಮೂವರು ಮುದುಕರನ್ನು ಗಂಜಿಯಲ್ಲೇ ಇರಿಸಿದಳು. ಆ ವಾರವೇ ಕೈಗವಸು ಬಂತು.

ಚಕ್ರದ ಗಾಳಿಯದು ಇನ್ನೊಂದು ಕತೆ. ಕಲ್ಲಿನಂತೆ ಗಟ್ಟಿಯಾಗಿರಬೇಕು ಎಂದಿದ್ದರು ಮೇಷ್ಟ್ರು. ಹಾಗೇ ತುಂಬಿಸಿಕೊಂಡು ಹೋದರೆ ಸೈಕಲ್ ಚೆಂಡಿನ ಹಾಗೆ ಪುಟಿದು ಆಕೆಯನ್ನು ಪೊದೆಯೊಳಗೆ ಇಳಿಸಿ, ತಾನು ಮುಂದೆ ಹೋಯಿತು. ಗಾಳಿ ಪೂರಾ ಇಳಿಸಿದರೆ ರಿಮ್ಮು ಬಂಡೆಗೆ ಬಡಿದು ಸೊಟ್ಟಗಾಯಿತು. ಕೊನೆಗೆ ಆಕೆಗೆ ಹಿಡಿತ ಸಿಕ್ಕಿದ್ದು ತನ್ನ ಕಸುಬಿನಿಂದಲೇ: ಹೆಬ್ಬೆರಳಲ್ಲಿ ಒತ್ತಿದರೆ ಟೈರು ಆರೋಗ್ಯವಾದ ಒಸಡಿನಷ್ಟು ಬಗ್ಗಬೇಕು, ಅಷ್ಟೇ. ಈ ಮಾತು ಸೈಕಲ್ ಅಂಗಡಿಯಲ್ಲಿ ಹಬ್ಬಿ, ಗಾಳಿ ಹೊಡೆಸಲು ಬಂದ ಗಿರಾಕಿಗಳು ಒಂದು ಕೈಯನ್ನು ಟೈರಿಗೂ ಇನ್ನೊಂದನ್ನು ಬಾಯಿಗೂ ಹಾಕಿ ಧ್ಯಾನಸ್ಥರಾಗಿ ನಿಲ್ಲುವಂತಾಯಿತು. ಮೊದಲು ಬಾಯಿ, ಆಮೇಲೆ ಟೈರು ಮುಟ್ಟಿ ಎಂದು ಅಂಗಡಿಯವನು ಗೋಡೆಯ ಮೇಲೆ ಬರೆಸಬೇಕಾಯಿತು.

ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ಬಿದ್ದು ನೋಡುವ ಧೈರ್ಯ ಬರಲಿಲ್ಲ. ಅಂಗಡಿಯಿಂದ ಎರಡನ್ನು ಕಡ ತಂದು, ಒಂದನ್ನು ತಲೆಗೇರಿಸಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆಯನ್ನು ಕರೆದಳು.

"ಅತ್ತೆ, ಸ್ವಲ್ಪ ನನ್ನ ತಲೆ ಮೇಲೆ ಕುಟ್ಟಿ ನೋಡಿ."

ಅತ್ತೆ ಸೌಟು ಹಿಡಿದು ನಿಂತಲ್ಲೇ ನಿಂತರು. ಇಷ್ಟು ವರ್ಷದ ಸಂಸಾರದಲ್ಲಿ ಕೈಗೆ ಬಂದ ಅವಕಾಶಗಳನ್ನೆಲ್ಲ ಹಲ್ಲು ಕಚ್ಚಿ ಬಿಟ್ಟುಕೊಟ್ಟವರು ಅವರು.

"ಆಮೇಲೆ ನಿಮ್ಮ ತವರಲ್ಲಿ ಹೇಳ್ಕೊಂಡು ಬರೋದಿಲ್ಲ ತಾನೆ?"

ಇಲ್ಲವೆಂದು ಖಾತ್ರಿಯಾದ ಮೇಲೆ ಸೌಟಿನಿಂದ ಮೆಲ್ಲಗೆ ತಟ್ಟಿದರು. ಬಳಿಕ ಲಟ್ಟಣಿಗೆ ಬಂತು. ಬಳಿಕ ಸ್ಟೂಲು ಹತ್ತಿ ಆಲೂಗಡ್ಡೆ ಬಿಟ್ಟರು. ಕೈ ಪಳಗಿದಂತೆ ಅವರ ಮುಖದಲ್ಲಿ ಹಿಂದೆಂದೂ ಕಾಣದ ಕಳೆ ಬಂತು. ಎದುರುಮನೆಯ ಹೆಂಗಸು ಕಿಟಕಿಯಿಂದ ಇದನ್ನು ಕಂಡು, ಜಗಳ ಬಿಡಿಸಲು ಓಡಿ ಬಂದು ನೋಡಿದರೆ ಸೊಸೆ ಶಾಂತವಾಗಿ, ಈ ಸಲ ಎಡಗಿವಿಯ ಮೇಲೆ, ಸ್ವಲ್ಪ ಜೋರಾಗಿ ಎಂದು ಹೇಳುತ್ತಿದ್ದಳು. ಹೆಂಗಸು ಬಂದ ದಾರಿಯಲ್ಲೇ ಹಿಂತಿರುಗಿದಳು. ಮರುದಿನ ಇಂಥ ಟೋಪಿ ಎಲ್ಲಿ ಸಿಗುತ್ತದೆ, ತನ್ನ ಸೊಸೆಗೂ ಒಂದು ಬೇಕಿತ್ತು ಎಂದು ವಿಚಾರಿಸಿದಳಂತೆ.

ಕಡೆಗೆ ಅತ್ತೆ ಅಟ್ಟದಿಂದ ಕುಂಬಳಕಾಯಿ ಬಿಟ್ಟರು. ಅಚ್ಚಕ್ಕನಿಗೆ ಏನೂ ಆಗಲಿಲ್ಲ. ಹೆಲ್ಮೆಟ್ಟಿನ ಒಳಪದರ ಸೀಳಿತು. ಒಮ್ಮೆ ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಕೆಲಸಕ್ಕೆ ಬಾರದು ಎಂದು ಅಂಗಡಿಯವನು ಹೇಳಿ ಅದನ್ನು ಹಿಂದಕ್ಕೆ ಪಡೆಯಲಿಲ್ಲ. ಅದು ಈರುಳ್ಳಿ ಬುಟ್ಟಿಯಾಯಿತು. ಅಚ್ಚಕ್ಕ ಎರಡನೆಯದನ್ನು ಇಟ್ಟುಕೊಂಡಳು. ಪಟ್ಟಿ ಬಿಚ್ಚಿ ತಲೆ ಕೊಡವಿದರೂ ಅದು ಕದಲುತ್ತಿರಲಿಲ್ಲ. ಮೇಷ್ಟ್ರಿಗೆ ಗಲ್ಲವನ್ನೂ ಮುಚ್ಚುವ ಹೆಲ್ಮೆಟ್ ಕೊಡಿಸಿದಳು. ಅದು ಅವರ ತಲೆಗೇರಿದ್ದನ್ನು ಕಣ್ಣಾರೆ ಕಾಣುವವರೆಗೆ ಹೊಸ ಹಲ್ಲು ಕೈಗೆ ಕೊಟ್ಟಿರಲಿಲ್ಲ.

ಉಳಿದದ್ದು ಸೀಟು. ಗುಡ್ಡಕ್ಕೆ ಹೋಗಿಬಂದ ಪ್ರತಿ ಸೋಮವಾರ ಅಚ್ಚಕ್ಕ ನಿಂತೇ ಹಲ್ಲು ಮಾಡುತ್ತಿದ್ದಳು. ಮೆತ್ತನೆಯ ಸೀಟು ಹಾಕಿಸಿದಳು, ಇನ್ನೂ ನೋವಾಯಿತು. ಅಗಲದ್ದು ಹಾಕಿಸಿದರೆ ತೊಡೆ ಉಜ್ಜಿ ಕೆಂಪಾಯಿತು. ಒಂದು ಶುಕ್ರವಾರ ಯಾರದೋ ದವಡೆಗೆ ಪ್ಲಾಸ್ಟರ್ ಹೊಯ್ಯುತ್ತಿದ್ದಾಗ ಕೈ ಹಾಗೇ ನಿಂತಿತು. ಊರಿನವರ ಬಾಯಿಗೆಲ್ಲ ಅಚ್ಚು ನೋಡಿ ಹಲ್ಲು ಕೂರಿಸುವವಳು ತಾನು ಕೂರುವುದಕ್ಕೆ ಅಂದಾಜಿನ ಮೇಲೆ ಒದ್ದಾಡುತ್ತಿದ್ದಾಳಲ್ಲ!

ಭಾನುವಾರ ಕ್ಲಿನಿಕ್ಕಿಗೆ ರಜೆ. ಅಚ್ಚಕ್ಕ ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಬೋಗುಣಿಗೆ ಗುಲಾಬಿ ಹಿಟ್ಟು ಕಲಸಿ, ಬಿಗಿಯಾದ ಸೈಕಲ್ ಚಡ್ಡಿ ತೊಟ್ಟು, ನಿಧಾನವಾಗಿ ಕೂತಳು. ಹಿಟ್ಟು ತಣ್ಣಗೆ, ಹಿತವಾಗಿತ್ತು. ಬಾಯಲ್ಲಾದರೆ ಚಿಟಿಕೆಯಲ್ಲಿ ಗಟ್ಟಿಯಾಗುವಂಥದ್ದು ಇಲ್ಲಿಯೂ ಹಾಗೇ ಗಟ್ಟಿಯಾಯಿತು. ಏಳಹೋದರೆ ಬೋಗುಣಿಯೂ ಜೊತೆಗೇ ಎದ್ದಿತು. ಅದನ್ನು ಹಿಂದಕ್ಕೆ ಕಟ್ಟಿಕೊಂಡೇ ಎರಡು ಹೆಜ್ಜೆ ಇಟ್ಟು, ಫೋನು ತಲುಪಿ ಗಂಡನನ್ನು ಕರೆದಳು.

ಗಂಡ ಬಂದು ಬಾಗಿಲಲ್ಲಿ ನಿಂತ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಿ ಬಿಡಿಸಿ ಅಭ್ಯಾಸವಾದವನು. ಬಾಯಿಂದ ಆ ಪ್ರಶ್ನೆಯೇ ಬಂತು.

"ಒಳಗೆ ಎಷ್ಟು ಜನ ಇದ್ದೀರಿ?"

ಅವನು ಬೋಗುಣಿ ಹಿಡಿದು ಕೆಳಕ್ಕೆ ಎಳೆದ, ಆಕೆ ಮೇಜು ಹಿಡಿದು ಮೇಲಕ್ಕೆ ಎಳೆದುಕೊಂಡಳು, ಮೇಜು ಅಲುಗಿತು. ಅಷ್ಟರಲ್ಲಿ ಮರೆತುಹೋದ ಕನ್ನಡಕ ಹುಡುಕುತ್ತ ಡಾಕ್ಟರೇ ಬಂದುಬಿಟ್ಟರು. ಅಚ್ಚಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರು ಮಾತ್ರ ಬಗ್ಗಿ, ಬೋಗುಣಿಯ ಅಂಚನ್ನು ನೋಡಿ, ಒಳಗೆ ಗಾಳಿಯಿಲ್ಲದೆ ಹಿಡಿದುಕೊಂಡಿದೆ, ಮೇಲಿನ ದವಡೆಯ ಅಚ್ಚು ಸಿಕ್ಕಿಕೊಂಡರೂ ಹೀಗೇ ಆಗುತ್ತದೆ ಎಂದರು. ಹಲ್ಲು ಒಣಗಿಸುವ ಗಾಳಿಯ ಕೊಳವೆ ತಂದು ಅಂಚಿಗೆ ಹಿಡಿದರು.

"ಹೆದರಬೇಡಿ ಅಚ್ಚಕ್ಕ. ಮೂಗಿನಿಂದ ಉಸಿರಾಡಿ. ಬಾಯಿ ದೊಡ್ಡದಾಗಿ ತೆಗೀರಿ."

ಬಾಯಿ ಯಾಕೆಂದು ಯಾರಿಗೂ ಕೇಳಲು ತೋಚಲಿಲ್ಲ. ಆಕೆ ತೆಗೆದಳು. ಪೊಳಕ್ಕೆಂದು ಬೋಗುಣಿ ಕಳಚಿ ಗಂಡನ ಮಡಿಲಿಗೆ ಬಿತ್ತು. ಅಚ್ಚು ಎಷ್ಟು ಚೊಕ್ಕವಾಗಿ ಬಂದಿತ್ತೆಂದರೆ, ಬೆನ್ನು ತಟ್ಟದೆ ಹೋಗಲು ಡಾಕ್ಟರಿಗೆ ಮನಸ್ಸಾಗಲಿಲ್ಲ.

ಪ್ಲಾಸ್ಟರಿನ ಪ್ರತಿರೂಪ ಒಣಗಿದ ಮೇಲೆ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದಳು. ಒಂದೊಂದು ಸೀಟಿನ ಮೇಲೂ ಕೂರಿಸಿ ನೋಡಿ, ಕೂತಾಗ ಭಾರ ಬೀಳುವ ಎರಡು ಮೂಳೆಗಳಿಗೆ ಸರಿಹೊಂದುವಂಥದ್ದನ್ನೇ ಆರಿಸಿದಳು. ಅಷ್ಟೆಲ್ಲ ಮಾಡಿ ಗುಡ್ಡಕ್ಕೆ ಹೋದರೆ ನೋವು ಮೊದಲಿಗಿಂತ ಜಾಸ್ತಿ! ಅಚ್ಚಕ್ಕ ಬಂಡೆಯ ಮೇಲೆ ಬೋರಲು ಮಲಗಿ ಯೋಚಿಸಿದಳು. ಬೋಗುಣಿಯಲ್ಲಿ ಕೂತದ್ದು ಊಟಕ್ಕೆ ಕೂತ ಹಾಗೆ, ನೆಟ್ಟಗೆ. ಸೈಕಲ್ಲಿನ ಮೇಲೆ ಮೈ ಮುಂದಕ್ಕೆ ಬಾಗುತ್ತದೆ, ಭಾರ ಬೀಳುವ ಜಾಗವೇ ಬೇರೆ. ತಪ್ಪು ತನ್ನದೇ.

ಎರಡನೆಯ ಅಚ್ಚಿಗೆ ಗಂಡ ಕೆಲಸದ ಸರಪಳಿ ರಾಟೆ ತಂದು ಕೋಣೆಯ ತೊಲೆಗೆ ಕಟ್ಟಿದ. ಸೈಕಲ್ಲಿಗೆ ಸೀಟಿನ ಬದಲು ಹಿಟ್ಟಿನ ತಟ್ಟೆ ಜೋಡಿಸಿ, ಹ್ಯಾಂಡಲ್ ಹಿಡಿದು ಬಾಗಿದ ಹೆಂಡತಿಯನ್ನು ಸೊಂಟದ ಪಟ್ಟಿಗೆ ಕೊಂಡಿ ಹಾಕಿ ಮೆಲ್ಲಗೆ ಇಳಿಸಿದ, ಗಟ್ಟಿಯಾದ ಮೇಲೆ ಮೆಲ್ಲಗೆ ಎತ್ತಿದ. ಡಾಕ್ಟರು ಗಾಳಿಯ ಕೊಳವೆ ಹಿಡಿದುಕೊಂಡು ತಾವಾಗಿಯೇ ಬಂದಿದ್ದರು. ಈ ಸಲ ಆರಿಸಿದ ಸೀಟು ಸಣ್ಣಗೆ, ಗಡುಸಾಗಿ, ನಡುವೆ ಸೀಳಿಕೊಂಡು ನೋಡಲು ಹಿಂಸೆಯ ಸಾಮಾನಿನ ಹಾಗಿತ್ತು. ಅದರ ಮೇಲೆ ಅಚ್ಚಕ್ಕ ಒಂದು ಬೆಳಗೆಲ್ಲ ಗುಡ್ಡ ಸುತ್ತಿದಳು. ಸೋಮವಾರ ಕುರ್ಚಿಯಲ್ಲಿ ಕೂತು ಹಲ್ಲು ಮಾಡಿದಳು.

ಸುದ್ದಿ ಹಬ್ಬಲು ಅಷ್ಟು ಸಾಕಾಯಿತು. ಮೊದಲು ಮೇಷ್ಟ್ರು ಬಂದರು, ಆಮೇಲೆ ಗುಡ್ಡದ ಸವಾರರೆಲ್ಲ ಒಬ್ಬೊಬ್ಬರಾಗಿ ಸರಪಳಿಗೆ ನೇತುಬಿದ್ದರು. ಹಿಂದಿನ ಕೋಣೆಯ ಕಪಾಟಿನಲ್ಲಿ ಮೇಲಿನ ಖಾನೆಗಳಲ್ಲಿ ದವಡೆಗಳು, ಕೆಳಗಿನ ಖಾನೆಗಳಲ್ಲಿ ಸವಾರರ ಅಚ್ಚುಗಳು. ಎಲ್ಲವೂ ಬೆಳ್ಳಗೆ, ಒಂದೇ ಥರದ ರಟ್ಟಿನ ಪೆಟ್ಟಿಗೆಗಳಲ್ಲಿ, ಮೇಲೆ ಹೆಸರು ಬರೆದು.

ಆಗಬೇಕಾದದ್ದು ಆಯಿತು. ನಿವೃತ್ತ ನ್ಯಾಯಾಧೀಶರೊಬ್ಬರು ಹೊಸ ಹಲ್ಲಿಗೆ ಅಳತೆ ನೋಡಲು ಬಂದು ಕುರ್ಚಿಯಲ್ಲಿ ಒರಗಿದ್ದರು. ಡಾಕ್ಟರು ಅವರ ದವಡೆಯ ಪೆಟ್ಟಿಗೆ ತರಿಸಿ, ಮುಂದೆಯೇ ಮುಚ್ಚಳ ತೆಗೆದರು. ಒಳಗೆ ಮೇಷ್ಟ್ರ ಹಿಂಭಾಗ. ನ್ಯಾಯಾಧೀಶರು ಕನ್ನಡಕ ಏರಿಸಿ, ಅದನ್ನು ಕೈಗೆತ್ತಿಕೊಂಡು, ಅಡಿ ಮೇಲು ಮಾಡಿ, ಎರಡೂ ಪಕ್ಷದ ವಾದ ಕೇಳುವವರಂತೆ ಬಹಳ ಹೊತ್ತು ನೋಡಿದರು.

"ವಯಸ್ಸಾದ ಮೇಲೆ ಒಸಡು ಕುಗ್ಗುತ್ತೆ ಅಂದಿದ್ರಿ," ಎಂದರು. "ಇದು ಬೆಳೆದಿದೆಯಲ್ಲ."

ಡಾಕ್ಟರು ಅಚ್ಚಕ್ಕನನ್ನು ಕರೆಸಿದರು. ಆಕೆ ಸುಳ್ಳು ಹೇಳಲು ಹೋಗಲಿಲ್ಲ. ಇದು ಏನು, ಯಾರದು, ಯಾತಕ್ಕೆ ಎಂದು ನಿಂತುಕೊಂಡೇ ವಿವರಿಸಿದಳು. ನ್ಯಾಯಾಧೀಶರು ಎಲ್ಲವನ್ನೂ ಕೇಳಿ, ತಮ್ಮ ದವಡೆ ಸುರಕ್ಷಿತವಾಗಿದೆಯೇ ಎಂದು ಮಾತ್ರ ವಿಚಾರಿಸಿ, ಅಳತೆ ಮುಗಿಸಿಕೊಂಡು ಹೋದರು. ಸಂಜೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ತಮ್ಮ ಛಾವಣಿಯ ಕೆಳಗೆ ಇನ್ನು ಬಾಯಿ ಮಾತ್ರ. ಅಚ್ಚಕ್ಕ ಕೆಳಗಿನ ಖಾನೆಗಳನ್ನು ಖಾಲಿ ಮಾಡಿದಳು. ಗಂಡ ಸರಪಳಿ ಬಿಚ್ಚಿದ. ಪೆಟ್ಟಿಗೆಗಳನ್ನೆಲ್ಲ ಸೈಕಲ್ ಅಂಗಡಿಯ ಹಿಂದಿನ ಗೋದಾಮಿಗೆ ಸಾಗಿಸಿದರು. ಅಲ್ಲಿ ತೊಲೆ ಇನ್ನೂ ಗಟ್ಟಿಯಾಗಿದ್ದುದು ನೋಡಿ ಗಂಡನಿಗೆ ಖುಷಿಯೇ ಆಯಿತು.

ಗೋದಾಮಿನಲ್ಲಿ ಮೊದಲ ಭಾನುವಾರ ಬಾಗಿಲು ತೆರೆದಾಗ, ಸವಾರರ ಸಾಲಿನ ಕೊನೆಯಲ್ಲಿ ಕೋಟು ತೊಟ್ಟು, ಕೊಡೆ ಊರಿಕೊಂಡು ನ್ಯಾಯಾಧೀಶರು ನಿಂತಿದ್ದರು. ಸೈಕಲ್ ಬೇಕೇ ಎಂದು ಅಚ್ಚಕ್ಕ ಗಾಬರಿಯಿಂದ ಕೇಳಿದಳು.

"ಸೈಕಲ್ ಬೇಡಮ್ಮ," ಎಂದರು ಅವರು. "ಜೀವಮಾನವೆಲ್ಲ ಕೂತೇ ಕೆಲಸ ಮಾಡಿದವನು ನಾನು. ಒಂದು ದಿನವೂ ಸರಿಯಾಗಿ ಕೂತಿಲ್ಲ. ಅದಕ್ಕೆ ಎಷ್ಟು ಜನರ ಮೇಲೆ ಸಿಡುಕಿದ್ದೀನೋ ಗೊತ್ತಿಲ್ಲ."

ಅವರನ್ನು ಗಂಡ ಎಲ್ಲರಿಗಿಂತ ಮೃದುವಾಗಿ ಇಳಿಸಿದ. ಅವರದಕ್ಕೆ ನೆಟ್ಟಗೆ ಕೂತ ಅಚ್ಚೇ ಸರಿಯಾಯಿತು. ಅಚ್ಚಕ್ಕ ಅವರ ಮರದ ಕುರ್ಚಿಗೆ ಹೊಂದುವಂತೆ ದಪ್ಪ ರಬ್ಬರಿನ ಹಾಸು ಕೊರೆದುಕೊಟ್ಟಳು. ಕೆಲವು ದಿನ ಕಳೆದು ನ್ಯಾಯಾಧೀಶರ ಹೆಂಡತಿ ಕ್ಲಿನಿಕ್ಕಿಗೇ ಬಂದು ದೂರಿದರು: ಯಜಮಾನರು ಕೂತರೆ ಏಳುವುದೇ ಇಲ್ಲ, ಊಟಕ್ಕೂ ಕುರ್ಚಿಯನ್ನು ಎಳೆದುಕೊಂಡೇ ಬರುತ್ತಾರೆ. ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಆ ಭಾನುವಾರ ಅವರು ತಮ್ಮ ಗುಂಡು ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಗೋದಾಮಿನ ಕಡೆ ನಡೆದದ್ದನ್ನು ಮೇಷ್ಟ್ರು ಕಂಡರು.

ಅಚ್ಚಕ್ಕ ಈಗ ಪೆಡಲ್ಲಿಗೆ ಬಂದಿದ್ದಾಳೆ. ಕಾಲು ಜಾರದಿರಲಿ ಎಂದು ಮೊಳೆಗಳಿರುವಂಥದ್ದು ಹಾಕಿಸಿದ್ದಾಳೆ. ಅದು ಕಾಲನ್ನು ಬಿಡುವುದಿಲ್ಲ ನಿಜ. ಬಿಟ್ಟಾಗ ಮೊಣಕಾಲಿನ ಕೆಳಗೆ ಸಾಲಾಗಿ ಕಚ್ಚುತ್ತದೆ. ಕಚ್ಚಿದ ಗುರುತಿಗೆ ಮುಲಾಮು ಹಚ್ಚುತ್ತ, ಇನ್ನು ಇದಕ್ಕೇನು ಕಟ್ಟಿಕೊಳ್ಳಬೇಕು ಎಂದು ಗಂಡನೊಡನೆ ವಾದ ನಡೆಸಿದ್ದಾಳೆ. ಲಟ್ಟಣಿಗೆ ತರಲೇ ಎಂದು ಒಳಗಿಂದ ಅತ್ತೆ ಕೇಳುತ್ತಿದ್ದಾರೆ.