ಉಳ್ಳಾಗಡ್ಡಿ ಮನೆತನದ ಶೋಧ

ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಸಾಲಾಗಿ ಕೂರಿಸಿದರೆ ಒಂದು ಅಡುಗೆಮನೆಯೇ ಸಿದ್ಧವಾಗುತ್ತದೆ: ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ನನ್ನ ಅಡ್ಡಹೆಸರು ಬೆಲ್ಲದ, ನಾಲಿಗೆ ಮಾತ್ರ ಆ ವಂಶದ್ದಲ್ಲವೆಂದು ಹೆಂಡತಿಯ ದೂರು. ನೀವು ನಕ್ಕರೆ ತಪ್ಪಿಲ್ಲ, ನಾನೂ ನಕ್ಕವನೇ. ಆದರೆ ಒಂದು ತಿಂಗಳಿಂದ ಹಳೆಯ ಪತ್ರಿಕೆಗಳ ನಿಧನವಾರ್ತೆಗಳಲ್ಲಿ, ಅಂತರ್ಜಾಲದ ವಂಶಾವಳಿಗಳಲ್ಲಿ ಉಳ್ಳಾಗಡ್ಡಿಯವರನ್ನು ಹುಡುಕುತ್ತ ನನ್ನ ನಗು ಇಂಗಿಹೋಗಿದೆ.

ಗೋವಾದ ಕೆಪೆಯಲ್ಲಿ ನಾನು ಮೇಲ್ವಿಚಾರಣೆ ಮಾಡುತ್ತಿದ್ದ ಕಟ್ಟಡದ ಗೋಡೆಯೊಂದು ಕುಸಿಯಿತು. "ಸರ್ರ, ಹಿಂದಕ್ಕ ಸರೀರಿ!" ಎಂದು ನನ್ನನ್ನು ನೂಕಿದವನು ಅದರಡಿ ಸಿಕ್ಕಿಹೋದ. ಸಿಮೆಂಟು ಮೆತ್ತಿದ ಆ ಅಂಗೈ ಈಗಲೂ ಊಟದ ನಡುವೆ, ಸ್ನಾನದ ನಡುವೆ ನನ್ನ ಎದೆಗೆ ಬಡಿಯುತ್ತದೆ. ಪ್ರತಿ ಸಲವೂ ಬದುಕಿಕೊಳ್ಳುವವನು ನಾನೇ. ಅವನು ಕೆಲಸಕ್ಕೆ ಬಂದು ಮೂರೇ ದಿನವಾಗಿತ್ತು. ಮೊಬೈಲು ಅವನೊಂದಿಗೇ ಪುಡಿಯಾಯಿತು, ಪೊಲೀಸರಿಗೆ ಹೆದರಿ ಗ್ಯಾಂಗಿನವರು ಚದುರಿದರು. ಉಳಿದದ್ದು ಗೇಟ್ ಪಾಸಿನ ಹೆಸರು: ಮಲ್ಲಪ್ಪ ಉಳ್ಳಾಗಡ್ಡಿ. ಯಾರೂ ಬಾರದೆ ದಹನವೂ ಮುಗಿಯಿತು.

ಸುದ್ದಿಯನ್ನಾದರೂ ಮನೆಗೆ ಮುಟ್ಟಿಸೋಣವೆಂದು, ಸತ್ತ ಉಳ್ಳಾಗಡ್ಡಿಯವರ 'ಅಪಾರ ಬಂಧುಬಳಗ'ದಲ್ಲಿ ಮಲ್ಲಪ್ಪನೆಂಬ ಮಗನನ್ನೋ ಮೊಮ್ಮಗನನ್ನೋ ಹುಡುಕಿ, ಸಿಕ್ಕ ಮನೆಗಳಿಗೆಲ್ಲ ಫೋನು ಮಾಡಿದೆ. ಬಾದಾಮಿ ಕಡೆಯ ಅಜ್ಜಿಯೊಬ್ಬಳು, "ನಮ್ಮ ಮಲ್ಲ್ಯಾ ಇಲ್ಲೇ ರೊಟ್ಟಿ ತಿನ್ನಾಕತ್ತಾನ. ಇದ್ದವನ್ನ ಸಾಯಸ್ತೀಯೇನೋ, ಭಾಡ್ಯಾ?" ಎಂದು ಬೈದಳು. ಆ ಬೈಗುಳ ನನಗೆ ಹಿತವಾಗಿಯೇ ಇತ್ತು.

ನಿನ್ನೆ, ಊರಿಗೆ ಓಡಿಹೋಗಿದ್ದ ಆ ಗ್ಯಾಂಗಿನ ಮೇಸ್ತ್ರಿ ಯಮನಪ್ಪ ಮರಳಿ ಬಂದ. ನನ್ನ ಶೋಧವನ್ನು ಕೇಳಿ ತಲೆ ತಗ್ಗಿಸಿದ.

"ಉಳ್ಳಾಗಡ್ಡಿ ನಮ್ಮ ಮನಿ ಹೆಸರ್ರೀ. ಅಡ್ಡಹೆಸರಿಲ್ಲಂದ್ರ ಗೇಟಿನ್ಯಾಗ ಪಾಸ್ ಕೊಡೂದಿಲ್ಲ. ಗ್ಯಾಂಗಿಗೆ ಬಂದವರಿಗೆಲ್ಲಾ ನಂದನ್ನ ಬರಸ್ತೇನಿ."

"ಹಂಗಾರ ಅವಂದು?"

"ಕೂಲಿ ಮಂದಿ ನಿಲ್ಲೂ ನಾಕಾದ ಹತ್ರ ಕೆಲಸಕ್ಕಂತ ನಿಂತಿದ್ದ, ಕರಕೊಂಡ ಬಂದೆ. ಮಲ್ಲಪ್ಪ ಅಂದ. ಮುಂದಿಂದು ಕೇಳಲಿಲ್ರಿ."

ಪದವೀಧರನಾದ ನಾನಾದರೂ ಕೇಳಿದ್ದೆನೇ? ಮೂರು ದಿನವೂ ಅವನನ್ನು 'ಏ, ಇಲ್ಲಿ ಬಾ' ಎಂದೇ ಕರೆದಿದ್ದೆ.

ಇನ್ನು ಯಾವ ಪಟ್ಟಿಯನ್ನು ತೆರೆಯಲಿ? ಮಲ್ಲಪ್ಪನಿಲ್ಲದ ಊರು ನಮ್ಮ ಕಡೆ ಇಲ್ಲ. ಅಂಥ ಒಂದು ಊರಿನಲ್ಲಿ ಈಗ ಯಾರೋ ಅವನ ನಂಬರಿಗೆ ಮತ್ತೊಮ್ಮೆ ಫೋನು ಹಚ್ಚಿ, "ಗೋವಾಕ್ಕ ಹೋಗಿ ಸೊಕ್ಕು ಬಂದೈತಿ ನೋಡು ಅವಗ, ಫೋನ್ ಬಂದ್ ಮಾಡಿಟ್ಟಾನ" ಎಂದು ಬೈಯುತ್ತಿರಬಹುದು.