ಬಸವನಹುಳುವಿನ ತವರು

ಬಾಗೂರಿನ ಹತ್ತಿರ ಗೌರಮ್ಮ ಅನ್ನೋರ ಸೌತೆ ಸಸಿಗಳನ್ನು ಬಸವನಹುಳುಗಳು ಮೇಯುತ್ತಿವೆ ಅಂತ ತೋಟಗಾರಿಕೆ ಇಲಾಖೆಯಿಂದ ನೋಡೋಕೆ ಹೋಗಿದ್ದೆ. ಒಂದೊಂದೂ ಮುಷ್ಟಿ ಗಾತ್ರ! ಆರಿಸಿ ಉಪ್ಪುನೀರಿಗೆ ಹಾಕಿ ಅಂದೆ.

"ಸೋಮವಾರ ಎತ್ತಿಗೇ ನೊಗ ಇಕ್ಕಾಕಿಲ್ಲ ಸಾ, ಬಸವಣ್ಣನ ಎಸರಿಟ್ಕಂಡಿರೋ ಹುಳ ಸಾಯ್ಸದಾ? ನಾಳೆ ನೋಡಮ" ಅಂತ ಗೌರಮ್ಮ ಎಲ್ಲವನ್ನೂ ಬಕೆಟ್ಟಿಗೆ ತುಂಬಿ ಮುಚ್ಚಿಟ್ಟರು.

ಅಷ್ಟರಲ್ಲಿ ಬದುವಿನ ಮೇಲೆ ಎರಡು ಹುಳುಗಳು ಕೂಡಿಕೊಂಡಿದ್ದು ಕಾಣಿಸಿತು. ನನಗೆ ಸಂಭ್ರಮ ತಡೆಯಲಾಗಲಿಲ್ಲ.

"ನೋಡಿ ಅಮ್ಮಾ! ಇವುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲ. ಪ್ರತಿಯೊಂದೂ ಎರಡೂ ಹೌದು. ಎರಡೂ ಮೊಟ್ಟೆ ಇಡಬಹುದು!"

ಗೌರಮ್ಮ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ನೋಡಿಯೇ ನೋಡಿದರು. "ಇಬ್ರೂ ಬಸುರಾದ್ರೆ ಬಾಣಂತನಕ್ಕೆ ಯಾರ ತವರಿಗೆ ಓಗದು ಸಾ?"



ಆಫೀಸಿನವರಿಗೆ ತೋರಿಸೋಣ ಅಂತ ಒಂದೇ ಒಂದು ಹುಳುವನ್ನು ಊಟದ ಡಬ್ಬಿಯಲ್ಲಿ ಮಣ್ಣು ಹಾಕಿ ಹಾಸನದ ಮನೆಗೆ ತಂದೆ. ಒಂಟಿ ಹುಳು, ಏನು ಮಾಡೀತು ಅನ್ನೋ ಧೈರ್ಯ. ವಾರ ಕಳೆದು ಮಣ್ಣು ಕೆದಕಿದರೆ ಸಬ್ಬಕ್ಕಿ ಚೆಲ್ಲಿದ ಹಾಗೆ ಮೊಟ್ಟೆಗಳು! ತೋಟದಲ್ಲೇ ಯಾವತ್ತೋ ಕೂಡಿ, ಬಸಿರಿಗೆ ಬೇಕಾದ್ದನ್ನು ಒಡಲಲ್ಲೇ ಇಟ್ಟುಕೊಂಡು ಬಂದಿತ್ತು.

ಕುಣಿದಾಡಿಕೊಂಡು ಗೌರಮ್ಮನಿಗೆ ಫೋನ್ ಮಾಡಿದೆ.

"ಅಂಗಾರೆ ನಿಮ್ಮನೇನೇ ತವರು ಬುಡಿ ಸಾ" ಅಂತ ನಕ್ಕರು. "ಬಿಸ್ನೀರು ಕಾಯ್ಸಿ."

ಕಾಯಿಸಲೇಬೇಕಿತ್ತು. ಮರಿಗಳು ಹೊರಬಂದು ಬೀದಿಯವರ ಗಿಡಗಳಿಗೆಲ್ಲ ಹರಡುವ ಮೊದಲು ಮೊಟ್ಟೆಗಳ ಮೇಲೆ ಕುದಿನೀರು ಹುಯ್ಯಬೇಕು. ಪಾತ್ರೆ ಒಲೆಗಿಟ್ಟ ಮೇಲೆ ನೆನಪಾಯಿತು, ಅವತ್ತೂ ಸೋಮವಾರ.